ಎಡವಿದವರಿಗೆ ಮೊದಲು

ಬೆಳಿಗ್ಗೆ ಹತ್ತೂಮುಕ್ಕಾಲು ಆಯಿತೆಂದರೆ ಸಿಂಚನಾಳ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಳ್ಳುತ್ತಿತ್ತು. ಅದು ಹಸಿವೂ ಅಲ್ಲ, ಗ್ಯಾಸ್ಟ್ರಿಕ್ಕೂ ಅಲ್ಲ. ಚಳ್ಳಕೆರೆ ತಾಲ್ಲೂಕಿನ ಪಾಠ ಹಂಚಿಕೆ ಕೊಠಡಿಯ ಗೋಡೆ ತುಂಬ ಹರಡಿದ್ದ ಫಲಕದ ಮೇಲೆ ಆ ಹೊತ್ತಿಗೆ ಮೊದಲ ಪೀರಿಯಡ್ಡಿನ ಲೆಕ್ಕ ಬೀಳುತ್ತಿತ್ತು. ಇಪ್ಪತ್ತು ಸಾವಿರ ಮಕ್ಕಳು, ಇಪ್ಪತ್ತು ಸಾವಿರ ಚುಕ್ಕೆ. ಮೇಲ್ವಿಚಾರಕಿಯಾದ ಸಿಂಚನಾ ಅಷ್ಟನ್ನೂ ನೋಡಬೇಕಾದವಳು. ಆದರೆ ಅವಳ ಕಣ್ಣು ಹೋಗಿ ಕೂರುತ್ತಿದ್ದದ್ದು ಎರಡೇ ಚುಕ್ಕೆಗಳ ಮೇಲೆ. ಒಂದು ತನ್ನ ಮಗಳು ಇಂಚರ, ಮೂರು ನಿಮಿಷ. ಇನ್ನೊಂದು ಹಿಂದಿನ ಬೀದಿಯ ಪಾಲಾಕ್ಷಿಯ ಮಗಳು ತಿಪ್ಪಕ್ಕ, ಇಪ್ಪತ್ತೆರಡು ನಿಮಿಷ. ಸಂಜೆ ಗಂಟೆ ಹೊಡೆಯುವಷ್ಟರಲ್ಲಿ ಇಂಚರಳದು ಹನ್ನೊಂದಕ್ಕೆ ನಿಲ್ಲುತ್ತಿತ್ತು, ತಿಪ್ಪಕ್ಕನದು ಎಪ್ಪತ್ತು ಮುಟ್ಟುತ್ತಿತ್ತು. ಹೆತ್ತ ಕರುಳು, ಉರಿಯದೆ ಏನು ಮಾಡೀತು?

ನಿಮಿಷ ಅಂದರೆ ಯಾವ ನಿಮಿಷ ಎಂದು ಕೇಳುವವರಿಗೆ ಹೇಳಬೇಕು. ಆ ಕಾಲಕ್ಕೆ ಎಲ್ಲ ಮಕ್ಕಳ ಕಿವಿಯ ಹಿಂದೆಯೂ ಹುಣಸೆಬೀಜದಷ್ಟು ದೊಡ್ಡ ಗುಂಡಿಯೊಂದು ಅಂಟಿಕೊಂಡಿರುತ್ತಿತ್ತು. ಪಾಠ ಕೇಳುತ್ತ ಕೇಳುತ್ತ ಮಗುವಿನ ಬುದ್ಧಿ ಎಲ್ಲಿ ಎಡವಿತು ಎನ್ನುವುದು ಆ ಗುಂಡಿಗೆ ತಿಳಿಯುತ್ತಿತ್ತು. ಅರ್ಥವಾದಾಗ ಮೆದುಳಿನ ಅಲೆ ಒಂದು ಥರ, ಸಿಕ್ಕಿಕೊಂಡಾಗ ಇನ್ನೊಂದು ಥರ. ಸಿಕ್ಕಿಕೊಂಡ ಕೂಡಲೇ ಕಿವಿಯಲ್ಲಿ ಬೋಧಿನಿ ಮಾತಾಡುತ್ತಿದ್ದಳು, ಅದೂ ಆ ಮಗುವಿನ ಮನೆಯ ಮಾತಿನಲ್ಲೇ. ಅದು ಮುದ್ರಿಸಿಟ್ಟ ಪಾಠವಲ್ಲ. ಈ ಮಗು, ಈ ಕ್ಷಣ, ಈ ತೊಡಕು, ಅಷ್ಟಕ್ಕೇ ಕೂತು ಯೋಚಿಸಿ ಹೇಳುವ ಯಂತ್ರ. ಹಾಗೆ ಯೋಚಿಸುವುದಕ್ಕೆ ಕರೆಂಟು ಬೇಕು, ಯಂತ್ರ ತಣ್ಣಗಿರಬೇಕು. ಎಷ್ಟು ಹೆಣಗಿದರೂ ಇಡೀ ತಾಲ್ಲೂಕಿಗೆ ದಿನಕ್ಕೆ ನಾಲ್ಕು ಲಕ್ಷ ನಿಮಿಷಕ್ಕಿಂತ ಹೆಚ್ಚು ಬೋಧಿನಿ ಹುಟ್ಟುತ್ತಿರಲಿಲ್ಲ. ನಲ್ಲಿ ನೀರಿನ ಹಾಗೆ ಹಂಚಿಕೊಂಡು ಕುಡಿಯಬೇಕು.

ಮೊದಲಿಗೆ ಹಂಚಿಕೆ ಗಿಂಚಿಕೆ ಏನೂ ಇರಲಿಲ್ಲ. ದೊಡ್ಡ ದೊಡ್ಡ ಖಾಸಗಿ ಶಾಲೆಗಳು ಬೋಧಿನಿಯನ್ನು ಕೊಂಡುಕೊಂಡವು, ಸರ್ಕಾರಿ ಶಾಲೆಗಳಿಗೆ ಹಳೆಯ ವಿಡಿಯೊ ಪಾಠ ಸಿಕ್ಕಿತು. ಐದೇ ವರ್ಷದಲ್ಲಿ ಒಂದೇ ಬೀದಿಯ ಮಕ್ಕಳು ಒಬ್ಬರ ಮಾತು ಒಬ್ಬರಿಗೆ ತಿಳಿಯದಷ್ಟು ದೂರವಾದರು. ಜನ ರೊಚ್ಚಿಗೆದ್ದರು. ಅದರ ಮೇಲೆಯೇ ಒಂದು ಚುನಾವಣೆ ನಡೆಯಿತು, ಕಾನೂನು ಬಂತು. ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲರಿಗೂ ಒಂದೇ ಟ್ಯಾಂಕು, ಎಡವಿದವರಿಗೆ ಮೊದಲು. ಶಾಲೆಗಳಲ್ಲಿ ಮೊದಲಿಂದಲೂ ಶಾಲಾ ಸಂಸತ್ತು ಅಂತ ಒಂದಿತ್ತಲ್ಲ, ಮಕ್ಕಳೇ ಓಟು ಹಾಕಿ ಊಟದ ಮಂತ್ರಿ, ನೀರಿನ ಮಂತ್ರಿ ಅಂತ ಆರಿಸುತ್ತಿದ್ದದ್ದು, ಆ ಆಟಕ್ಕೆ ಕಾನೂನು ಹಲ್ಲು ಕೊಟ್ಟಿತು. ಮೂರು ತಿಂಗಳಿಗೊಮ್ಮೆ ತಾಲ್ಲೂಕಿನ ಮಕ್ಕಳ ಸಂಸತ್ತು ಕೂರಬೇಕು. ಹಂಚಿಕೆ ಕೊಠಡಿಯವರು ಬಂದು ಮಕ್ಕಳ ಮುಂದೆ ನಿಂತು ಉತ್ತರ ಕೊಡಬೇಕು. ದಿನಕ್ಕೆ ಹತ್ತು ಸಾವಿರ ನಿಮಿಷ ಮಕ್ಕಳ ಕೈಯಲ್ಲೇ ಮೀಸಲು. ಅದನ್ನು ಅವರು ಓಟು ಹಾಕಿ ಯಾರಿಗೆ ಬೇಕಾದರೂ ಕೊಡಬಹುದು.

ಕಾನೂನು ನ್ಯಾಯವಾಗಿಯೇ ಇತ್ತು. ಸಿಂಚನಾಳೂ ಆ ಚುನಾವಣೆಯಲ್ಲಿ ಅದರ ಪರವಾಗಿಯೇ ಓಟು ಹಾಕಿದ್ದಳು. ಊರಿಗೆಲ್ಲ ನ್ಯಾಯ ಬೇಕು ಅನ್ನುವವರಿಗೆ ಅದು ತಮ್ಮ ಹಿತ್ತಿಲಿಗೆ ಬಂದಾಗ ತಾನೇ ಗೊತ್ತಾಗುವುದು!

ಅವಳ ಉರಿಗೆ ಬೇರು ಇನ್ನೂ ಆಳದಲ್ಲಿತ್ತು. ಪಾಲಾಕ್ಷಿಯೂ ಅವಳೂ ಐದನೇ ಕ್ಲಾಸಿನವರೆಗೆ ಒಂದೇ ಸರ್ಕಾರಿ ಶಾಲೆಯ ಒಂದೇ ಬೆಂಚಿನಲ್ಲಿ ಕೂತವರು. ಮಗ್ಗಿ ಹೇಳುವುದರಲ್ಲಿ ಪಾಲಾಕ್ಷಿ ಮುಂದೆ, ಇವಳು ಹಿಂದೆ. ಪಾಲಾಕ್ಷಿ ಹೇಳಿದ್ದನ್ನು ತುಟಿ ನೋಡಿಕೊಂಡು ಇವಳು ಒದರುತ್ತಿದ್ದಳು. ಆರನೇ ಕ್ಲಾಸಿಗೆ ಸಿಂಚನಾಳ ಅಪ್ಪ ಅವಳನ್ನು ಕಾನ್ವೆಂಟಿಗೆ ಹಾಕಿದರು. ಸರ್ಕಾರಿ ಶಾಲೆಯ ಗಣಿತದ ಮೇಷ್ಟ್ರಿಗೆ ವರ್ಗವಾಯಿತು, ಆ ಜಾಗಕ್ಕೆ ಮೂರು ವರ್ಷ ಯಾರೂ ಬರಲಿಲ್ಲ. ಪಾಲಾಕ್ಷಿ ಏಳಕ್ಕೆ ಬಿಟ್ಟಳು. ಈಗ ಎಣ್ಣೆ ಮಿಲ್ಲಿನಲ್ಲಿ ಕಡಲೆಬೀಜ ಹಸನು ಮಾಡುತ್ತಾಳೆ. ದಾರಿಯಲ್ಲಿ ಎದುರು ಸಿಕ್ಕರೆ "ಚೆನ್ನಾಗಿದೀರಾ ಮೇಡಂ" ಅನ್ನುತ್ತಾಳೆ. ಒಂದೇ ಬೆಂಚಿನವಳು ಬಾಯಿ ತುಂಬ ಮೇಡಂ ಎಂದಾಗ ಸಿಂಚನಾಳಿಗೆ ಒಳಗೊಳಗೇ ಹಿತವಾಗುತ್ತಿತ್ತು. ಯಾಕೆಂದರೆ ಇಬ್ಬರ ನಡುವಿನ ಅಂತರ ಬುದ್ಧಿಯದಲ್ಲ, ಬರೀ ಒಬ್ಬ ಮೇಷ್ಟ್ರದು ಎನ್ನುವುದು ಅವಳೊಬ್ಬಳಿಗೆ ಚೆನ್ನಾಗಿ ಗೊತ್ತಿತ್ತು. ಈಗ ಆ ಮೇಷ್ಟ್ರನ್ನೂ ಸರ್ಕಾರವೇ ತಿಪ್ಪಕ್ಕನ ಕಿವಿಯ ಹಿಂದೆ ಅಂಟಿಸಿಬಿಟ್ಟಿತ್ತು. ಇನ್ನು ಉಳಿದದ್ದೇನು?

ಜೂನ್ ತಿಂಗಳ ತಾಲ್ಲೂಕು ಪರೀಕ್ಷೆಯಲ್ಲಿ ಇಂಚರಳಿಗೂ ತಿಪ್ಪಕ್ಕನಿಗೂ ಸಮಸಮ ಅಂಕ ಬಂತು. ಪಾಲಾಕ್ಷಿ ಒಂದು ಡಬ್ಬಿ ಹುರಿದ ಕಡಲೆಬೀಜದ ಉಂಡೆ ತಂದು ಬಾಗಿಲಲ್ಲಿ ನಿಂತಳು. ನಿಮ್ಮ ಮಗಳ ಜೊತೆ ನಮ್ಮದೂ ಪಾಸಾಯಿತು, ಎಲ್ಲ ನಿಮ್ಮ ಆಫೀಸಿನ ಪುಣ್ಯ ಎಂದು ಹೇಳಿ ಹೋದಳು. ಗಂಡ ಚೇತನ್ ಎರಡು ಉಂಡೆ ಬಾಯಿಗೆ ಹಾಕಿಕೊಂಡು ಚೆನ್ನಾಗಿದೆ ಎಂದ. ಸಿಂಚನಾ ತನ್ನ ಪಾಲಿನದನ್ನು ಮುಟ್ಟಲೇ ಇಲ್ಲ.

"ಆ ಹುಡುಗಿಗೆ ಎಪ್ಪತ್ತು ನಿಮಿಷ, ನಮ್ಮದಕ್ಕೆ ಹನ್ನೊಂದು. ಜಾಣೆಯನ್ನ ಹೆತ್ತಿದ್ದೇ ತಪ್ಪಾಯ್ತಾ?" ಎಂದಳು.

ಚೇತನ್ ಮಿಲ್ಲಿನ ಮೋಟಾರು ರಿಪೇರಿ ಮಾಡುವ ಮನುಷ್ಯ, ಮಾತು ಕಡಿಮೆ. ಹಸಿದವರಿಗೆ ಜಾಸ್ತಿ ಬಡಿಸುತ್ತಾರೆ, ಹೊಟ್ಟೆ ತುಂಬಿದವರಿಗೆ ಯಾಕೆ ಸಂಕಟ ಎಂದು ಎದ್ದು ಕೈ ತೊಳೆದುಕೊಂಡ. ಹೆಂಗಸು ಉರಿಯುವಾಗ ಗಾದೆ ಹೇಳಬಾರದು ಅನ್ನುವಷ್ಟು ಬುದ್ಧಿ ಅವನಿಗೆ ಆ ಹೊತ್ತು ಇರಲಿಲ್ಲ.

ಕೊಠಡಿಯ ಯಂತ್ರಕ್ಕೆ ಕೈಹಾಕುವ ಹಾಗಿರಲಿಲ್ಲ. ಒಂದು ಅಂಕಿ ಬದಲಿಸಿದರೂ ಅದು ಸಂಸತ್ತಿನ ಮಕ್ಕಳಿಗೆ ಕಾಣುತ್ತಿತ್ತು. ಹಾಗಾಗಿ ಅವಳು ಮೊದಲು ಹಿಡಿದದ್ದು ಸುಲಭದ ದಾರಿ. ಬೇಕೆಂದೇ ತಪ್ಪು ಉತ್ತರ ಹೇಳು, ಇದೊಂದು ಆಟ ಎಂದು ಮಗಳಿಗೆ ಹೇಳಿ ಕಳಿಸಿದಳು. ಮಾರನೆಯ ದಿನ ಇಂಚರಳ ಚುಕ್ಕೆ ಹಳದಿಯಾಯಿತು. ಹಳದಿ ಅಂದರೆ ನಟನೆ. ಬಾಯಿ ಸುಳ್ಳು ಹೇಳಿದರೂ ತಲೆ ಸುಳ್ಳು ಹೇಳುವುದಿಲ್ಲವಲ್ಲ. ಗುಂಡಿ ಕೇಳುತ್ತಿದ್ದದ್ದು ತಲೆಯನ್ನು. ಬೋಧಿನಿ ಆ ದಿನದ ಹನ್ನೊಂದರಲ್ಲೂ ಎರಡು ನಿಮಿಷ ಕತ್ತರಿಸಿದಳು.

ಅಂದು ಊಟದ ಡಬ್ಬಿ ಮುಂದಿಟ್ಟುಕೊಂಡು ಫಲಕ ನೋಡುತ್ತ ಕೂತಿದ್ದಾಗ ಸಿಂಚನಾಳಿಗೆ ಎರಡನೇ ದಾರಿ ಹೊಳೆಯಿತು. ಮಗು ನಟಿಸಬಾರದು, ನಿಜವಾಗಿಯೇ ಎಡವಬೇಕು. ನಿಜವಾಗಿ ಎಡವಬೇಕಾದರೆ ಅದರ ತಲೆಯಲ್ಲಿ ತಪ್ಪೇ ಸರಿಯೆಂದು ಕೂತಿರಬೇಕು. ಅಷ್ಟು ಗಟ್ಟಿಯಾಗಿ ಕೂರಿಸಬಲ್ಲವರು ಯಾರು? ಅಮ್ಮನಲ್ಲದೆ ಇನ್ಯಾರು! ಎದುರಿನವಳಿಗೆ ಅಪಶಕುನವಾಗಲಿ ಎಂದು ತನ್ನ ಮೂಗನ್ನೇ ಕೊಯ್ದುಕೊಂಡವರ ಕತೆ ಎಲ್ಲರೂ ಕೇಳಿದ್ದಾರೆ. ಇವಳು ಮಗಳ ಮೂಗಿಗೇ ಕತ್ತಿ ಹಿಡಿದಳು.

ಅಂದಿನಿಂದ ಮನೆಯಲ್ಲಿ ಸಂಜೆಯ ಪಾಠ ಶುರುವಾಯಿತು. ಕಾಫಿ ಕುಡಿಸಿ, ಜಡೆ ಹಾಕುತ್ತ, ಮುದ್ದಾಗಿಯೇ ಹೇಳಿಕೊಡುತ್ತಿದ್ದಳು. ಏಳೆಂಟ್ಲ ಐವತ್ನಾಲ್ಕು. ಬಾವಲಿ ಮೊಟ್ಟೆ ಇಡುತ್ತದೆ. ದೊಡ್ಡ ಕಲ್ಲು ಚಿಕ್ಕ ಕಲ್ಲಿಗಿಂತ ಬೇಗ ಬೀಳುತ್ತದೆ. ಕಡಲೆಕಾಯಿ ಅಂದರೆ ಗಿಡದ ಬೇರು. ಇಂಚರ ಮೊದಮೊದಲು ತಲೆಯೆತ್ತಿ, ಐವತ್ತಾರು ಅಲ್ವಾ ಅಮ್ಮ ಎಂದು ಕೇಳಿದ್ದಳು. ಅದು ಹಳೇದು, ಈಗ ಬದಲಾಗಿದೆ ಎಂದಳು ಸಿಂಚನಾ. ಹತ್ತು ವರ್ಷದ ಮಗು, ತಾಯಿಯ ಮಾತನ್ನು ನಂಬಿತು.

ಮೂರೇ ವಾರ. ಇಂಚರಳ ಚುಕ್ಕೆ ಕೆಂಪಾಯಿತು, ಹನ್ನೊಂದು ಹೋಗಿ ಮೂವತ್ತಾಯಿತು, ಅರವತ್ತನಾಲ್ಕಾಯಿತು. ಸಿಂಚನಾ ಅಂದು ಕೊಠಡಿಯವರಿಗೆಲ್ಲ ಮೈಸೂರುಪಾಕು ಹಂಚಿದಳು. ಯಾವ ಖುಷಿಗೆ ಎಂದು ಮೇಲಧಿಕಾರಿ ರುದ್ರಮುನಿಯವರು ಕೇಳಿದರೆ ಸುಮ್ಮನೆ ಎಂದು ನಕ್ಕಳು.

ಇಂಥ ಸಂಗತಿ ಒಂದೇ ಮನೆಯಲ್ಲಿ ಉಳಿಯುತ್ತದೆಯೇ? ಇಂಚರಳ ಶಾಲೆಯ ಗೇಟಿನ ಹತ್ತಿರ ಮಕ್ಕಳಿಗಾಗಿ ಕಾಯುವಾಗ ಸಿಂಚನಾ ಗೆಳತಿಯೊಬ್ಬಳ ಕಿವಿಯಲ್ಲಿ ಅಂದಳು. ಅವಳು ನಾದಿನಿಗೆ ಅಂದಳು. ತಿಂಗಳೊಳಗೆ ಇಡೀ ಬಡಾವಣೆಯ ತಾಯಂದಿರು ಮಕ್ಕಳಿಗೆ ತಪ್ಪು ಕಲಿಸಲು ಕೂತರು. ಪಕ್ಕಾ ತಪ್ಪು ಕಲಿಸುವುದು ಸುಲಭದ ಕೆಲಸವಲ್ಲ, ಅದಕ್ಕೂ ಓದಿರಬೇಕು. ನಿವೃತ್ತ ಲೆಕ್ಚರರ್ ಒಬ್ಬರು ಮಹಡಿಯ ಮೇಲೆ ಬೋರ್ಡು ಗೀರ್ಡು ಏನೂ ಇಲ್ಲದ ಟ್ಯೂಷನ್ನನ್ನೇ ತೆರೆದರು. ಸರಿಯಾದದ್ದನ್ನು ಕಲಿಸುವಾಗ ಅವರಿಗೆ ಅಷ್ಟು ಮಕ್ಕಳು ಎಂದೂ ಬಂದಿರಲಿಲ್ಲ.

ಟ್ಯಾಂಕು ಒಂದೇ ತಾನೇ. ಇತ್ತ ತುಂಬಿದ್ದು ಅತ್ತ ಬರಿದಾಯಿತು. ತಿಪ್ಪಕ್ಕನ ಎಪ್ಪತ್ತು ನಿಮಿಷ ನಲವತ್ತಕ್ಕಿಳಿಯಿತು, ಹದಿನೈದಕ್ಕಿಳಿಯಿತು, ಕೊನೆಗೆ ಐದಕ್ಕೆ ಬಂದು ನಿಂತಿತು. ಅವಳ ಚುಕ್ಕೆಯೂ ಕೆಂಪಾಗಿಯೇ ಇತ್ತು, ಎಡವಿ ಕಾಯುತ್ತಿತ್ತು. ಆದರೆ ಬಡಾವಣೆಯ ಮಕ್ಕಳ ಕೆಂಪು ಅದಕ್ಕಿಂತ ಗಾಢವಾಗಿತ್ತು. ಸಿಂಚನಾ ಆ ಐದನ್ನು ನೋಡುತ್ತ ಕೂತಳು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಮಧ್ಯಾಹ್ನದ ಹೊತ್ತಿಗೆ ಅದು ಇರಲಿಲ್ಲ. ಇಂಚರಳ ಅರವತ್ತನಾಲ್ಕು ನಿಮಿಷವನ್ನು ಬಿಡಿಸಿ ನೋಡಿದಳು. ಅದರಲ್ಲಿ ಐವತ್ತು, ತಾನು ಹಿಂದಿನ ಸಂಜೆ ತುಂಬಿದ್ದನ್ನು ತೆಗೆಯುವುದಕ್ಕೇ ಖರ್ಚಾಗುತ್ತಿತ್ತು. ಹೊಸದಾಗಿ ಕಲಿಯುವುದಕ್ಕೆ ಮಗುವಿಗೆ ಉಳಿಯುತ್ತಿದ್ದದ್ದು ಹದಿನಾಲ್ಕು. ಅಂದರೆ ಇಷ್ಟೆಲ್ಲ ಮಾಡಿ ಬರೀ ಮೂರು ನಿಮಿಷದ ಲಾಭ.

ನಿಲ್ಲಿಸಿಬಿಡೋಣ ಎಂದುಕೊಂಡಳು. ನಿಲ್ಲಿಸಿದರೆ ಆ ನಿಮಿಷಗಳು ಎಲ್ಲಿಗೆ ಹೋಗುತ್ತವೆ? ತಿಪ್ಪಕ್ಕನಿಗೆ. ಆ ಹುಡುಗಿ ಮತ್ತೆ ಎಪ್ಪತ್ತಕ್ಕೆ ಏರುತ್ತಾಳೆ, ಮತ್ತೆ ಸಮಸಮ ಬರುತ್ತಾಳೆ, ನಾಳೆ ಮುಂದೆಯೇ ಹೋಗುತ್ತಾಳೆ. ಪಾಲಾಕ್ಷಿ ಮತ್ತೆ ಡಬ್ಬಿ ಹಿಡಿದು ಬಾಗಿಲಿಗೆ ಬರುತ್ತಾಳೆ. ಅದನ್ನು ನೆನೆದರೇ ಮೈ ಪರಚಿಕೊಳ್ಳುವ ಹಾಗಾಯಿತು. ಅಂದು ಸಂಜೆ, ಗ್ರಹಣ ಆಗುವುದು ಮೋಡ ಅಡ್ಡ ಬಂದು ಎಂದು ಕಲಿಸಿದಳು.

ಒಂದು ಭಾನುವಾರ ಹಿತ್ತಿಲಲ್ಲಿ ಎರಡೂ ಹುಡುಗಿಯರ ಮಾತು ಕಿವಿಗೆ ಬಿತ್ತು. ಕಡಲೆಕಾಯಿ ಬೇರು ಎಂದು ಇಂಚರ ಹೇಳುತ್ತಿದ್ದಳು. ಹೂವಿನ ಬುಡದಿಂದ ದಾರದಂಥದ್ದು ಇಳಿದು ಮಣ್ಣಿನೊಳಗೆ ಹೋಗಿ ಕಾಯಿ ಕಟ್ಟುತ್ತದೆ, ನಮ್ಮ ಅಜ್ಜಿ ಹೊಲದಾಗೆ ಕಿತ್ತು ತೋರಿಸ್ತೀನಿ ಬಾ ಎಂದು ತಿಪ್ಪಕ್ಕ ಕರೆಯುತ್ತಿದ್ದಳು. ಇಂಚರ ಒಪ್ಪಲಿಲ್ಲ. ನಮ್ಮಮ್ಮ ಹೇಳಿದ್ದು ಎಂದು ಕಣ್ಣಲ್ಲಿ ನೀರು ತಂದುಕೊಂಡು ಹಟ ಹಿಡಿದಳು. ಸಿಂಚನಾ ಅಡುಗೆಮನೆಯ ಕಿಟಕಿಯ ಹಿಂದೆ ನಿಂತೇ ಇದ್ದಳು. ಹೊರಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹೋಗಲಿಲ್ಲ. ಅದಾದ ಮೇಲೆ ಇಂಚರ ಸಂಜೆಯ ಪಾಠಕ್ಕೆ ಸುಮ್ಮನೆ ಕೂರತೊಡಗಿದಳು. ಪ್ರಶ್ನೆ ಕೇಳುವುದನ್ನು ಬಿಟ್ಟಳು. ತಾಯಿಯ ಮುಖವನ್ನೇ ನೋಡುತ್ತ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಮಕ್ಕಳ ಸಂಸತ್ತು ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ ಕೂತಿತು. ಕೊಠಡಿಯ ಪರವಾಗಿ ಉತ್ತರ ಕೊಡಲು ರುದ್ರಮುನಿಯವರು ಸಿಂಚನಾಳನ್ನೇ ಕಳಿಸಿದರು. ಮಕ್ಕಳು ತಾನೇ, ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ ಎಂದರು. ಅಧ್ಯಕ್ಷೆಯ ಕುರ್ಚಿಯಲ್ಲಿ ಪರಶುರಾಂಪುರ ಶಾಲೆಯ ಏಳನೇ ಕ್ಲಾಸಿನ ಹುಡುಗಿ, ಕಾಲು ನೆಲಕ್ಕೆ ಎಟುಕದಿದ್ದರೂ ದನಿ ಗಟ್ಟಿ. ತಿಪ್ಪಕ್ಕ ತನ್ನ ಶಾಲೆಯ ಪಾಠದ ಮಂತ್ರಿ. ಇಂಚರ ತನ್ನ ಶಾಲೆಯಿಂದ ಗೆದ್ದು ಬಂದ ಸದಸ್ಯೆ. ಹಿಂದಿನ ಸಾಲುಗಳಲ್ಲಿ ತಾಯಿತಂದೆಯರು ಕೂತಿದ್ದರು. ಬಡಾವಣೆಯ ಹೆಂಗಸರು ಒಂದು ಕಡೆ, ಮಿಲ್ಲಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಪಾಲಾಕ್ಷಿ ಇನ್ನೊಂದು ಕಡೆ.

ತಿಪ್ಪಕ್ಕ ಎದ್ದು ನಿಂತಳು. ಕೈಯಲ್ಲಿ ಚೀಟಿ ಇರಲಿಲ್ಲ.

"ಮೇಡಂ, ಜೂನ್ ತಿಂಗಳಾಗೆ ನಮ್ಮ ಶಾಲೆಗೆ ದಿನಕ್ಕೆ ಎರಡು ಸಾವಿರ ನಿಮಿಷ ಬರ್ತಿತ್ತು. ಈಗ ಮುನ್ನೂರು ಬರ್ತೈತೆ. ನಾವೇನು ಎಲ್ಲಾ ಕಲ್ತು ಮುಗಿಸಿಬಿಟ್ವಾ?"

ಸಿಂಚನಾ ಸಿದ್ಧವಾಗಿಯೇ ಬಂದಿದ್ದಳು. ಹಂಚುವುದು ಯಂತ್ರ, ಮನುಷ್ಯರಲ್ಲ. ಕಾನೂನೇ ಹೇಳುವ ಹಾಗೆ ಎಡವಿದವರಿಗೆ ಮೊದಲು. ಈಚೆಗೆ ಬೇರೆ ಕೆಲವು ಶಾಲೆಗಳಲ್ಲಿ ಹೆಚ್ಚು ಮಕ್ಕಳು ಎಡವುತ್ತಿದ್ದಾರೆ, ಹಾಗಾಗಿ ಅತ್ತ ಹೋಗಿದೆ. ಇದರಲ್ಲಿ ಯಾರದೂ ತಪ್ಪಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಹೇಳಿದಳು.

"ಅವರಿಗೆ ಜೂನ್‌ನಾಗೆ ಬರ್ತಿದ್ದದ್ದು ಆಗಸ್ಟ್‌ನಾಗೆ ಹೆಂಗೆ ಮರ್ತೋಯ್ತು ಮೇಡಂ? ಅದೂ ಅಷ್ಟೂ ಜನಕ್ಕೆ ಒಂದೇ ಸಲ?"

ಹಿಂದಿನ ಸಾಲಿನಲ್ಲಿ ಬಡಾವಣೆಯ ಹೆಂಗಸರು ಸೀರೆಯ ನೆರಿಗೆ ಸರಿಮಾಡಿಕೊಂಡರು. ಈ ವರ್ಷ ಅಲ್ಲಿ ಜ್ವರ ಜಾಸ್ತಿಯಿತ್ತು, ಮಕ್ಕಳು ಸೊರಗಿದ್ದಾರೆ ಎಂದು ಸಿಂಚನಾ ಬಾಯಿಗೆ ಬಂದದ್ದು ಹೇಳಿದಳು. ಹೇಳುವಾಗ ಮಗಳ ಕಡೆ ನೋಡಲಿಲ್ಲ. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಇಂಚರ ಕೈ ಎತ್ತಿದಳು. ಅಧ್ಯಕ್ಷೆ ಮಾತಾಡಲು ಒಪ್ಪಿಗೆ ಕೊಟ್ಟಳು.

"ನಂಗೆ ಜ್ವರ ಬಂದಿರ್ಲಿಲ್ಲ. ನಂಗೆ ಯಾಕೆ ಜಾಸ್ತಿ ನಿಮಿಷ ಬರ್ತಿದೆ ಅಂತ ನಂಗೆ ಗೊತ್ತು. ನಮ್ಮಮ್ಮ ದಿನಾ ಸಂಜೆ ಪಾಠ ಹೇಳಿಕೊಡ್ತಾರೆ. ಪಾಪ, ಅವರಿಗೆ ಏನೂ ಬರಲ್ಲ. ಏಳೆಂಟ್ಲ ಎಷ್ಟು ಅಂತಾನೂ ಬರಲ್ಲ. ಬೆಳಿಗ್ಗೆ ಬೋಧಿನಿ ನಂಗೆ ಎಲ್ಲಾ ಸರಿಮಾಡ್ತಾಳೆ, ಅಮ್ಮಂಗೆ ಬೇಜಾರಾಗುತ್ತೆ ಅಂತ ನಾನು ಹೇಳಲ್ಲ. ಅಮ್ಮ ಓದೋವಾಗ ಬೋಧಿನಿ ಇರ್ಲಿಲ್ಲ, ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ. ಅದಕ್ಕೇ ಮೀಸಲು ನಿಮಿಷದಲ್ಲಿ ದಿನಾ ಅರ್ಧ ಗಂಟೆ ಅಮ್ಮಂಗೆ ಕೊಡಬೇಕು ಅಂತ ಸೂಚನೆ ಮಂಡಿಸ್ತೀನಿ."

ಸಭೆಯಲ್ಲಿ ಒಂದು ಮಗುವೂ ನಗಲಿಲ್ಲ. ಬರದಿರುವುದು ನಗುವ ವಿಷಯವಲ್ಲ ಎಂದು ಬೋಧಿನಿ ಅವರಿಗೆ ಕಲಿಸಿದ್ದಳೋ, ಇಲ್ಲ ಮಕ್ಕಳಿಗೆ ಅದು ಮೊದಲೇ ಗೊತ್ತಿತ್ತೋ. ನಕ್ಕದ್ದು ದೊಡ್ಡವರು. ಬಡಾವಣೆಯ ಹೆಂಗಸರು ಮಾತ್ರ ತಲೆ ತಗ್ಗಿಸಿದ್ದರು, ಯಾಕೆಂದರೆ ಅವರ ಮಕ್ಕಳೂ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಪಾಲಾಕ್ಷಿಯೂ ನಗಲಿಲ್ಲ. ಅವಳು ಸಿಂಚನಾಳನ್ನೇ ದಿಟ್ಟಿಸಿ ನೋಡುತ್ತಿದ್ದಳು. ಒಂದೇ ಬೆಂಚಿನಲ್ಲಿ ಕೂತು ಜೊತೆಯಲ್ಲಿ ಮಗ್ಗಿ ಒದರಿದವಳು, ಇವಳಿಗೆ ಏಳೆಂಟ್ಲ ಬರುತ್ತದೆಯೋ ಇಲ್ಲವೋ ಅವಳಿಗೆ ಗೊತ್ತಿಲ್ಲವೇ?

ಸುಮ್ಮನಿದ್ದುಬಿಟ್ಟಿದ್ದರೆ ಸಿಂಚನಾ ಉಳಿದುಕೊಳ್ಳುತ್ತಿದ್ದಳು. ಪೆದ್ದಿ ಅನ್ನಿಸಿಕೊಂಡು, ನಾಲ್ಕು ದಿನ ನಗೆಪಾಟಲಾಗಿ, ಮನೆಗೆ ಹೋಗಬಹುದಿತ್ತು. ಆದರೆ ತಿಪ್ಪಕ್ಕ ತನ್ನ ಜಾಗ ಬಿಟ್ಟು ಇಂಚರಳ ಪಕ್ಕಕ್ಕೆ ಬಂದು ನಿಂತಳು. ಅವಳ ಹೆಗಲ ಮೇಲೆ ಕೈಹಾಕಿದಳು.

"ನಾನು ಅನುಮೋದಿಸ್ತೀನಿ. ನಮ್ಮ ಶಾಲೆಗೆ ಕಮ್ಮಿ ಇದ್ರೂ ಪರವಾಗಿಲ್ಲ, ಮೊದ್ಲು ಮೇಡಂಗೆ ಕೊಡ್ರಿ" ಎಂದಳು.

ಅದು ಕನಿಕರ. ಪಾಲಾಕ್ಷಿಯ ಮಗಳು ತನಗೆ ತೋರಿಸುತ್ತಿರುವ ಕನಿಕರ. ಸಿಂಚನಾ ಇಷ್ಟು ದಿನ ಉರಿದದ್ದೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. ನಿಜ ಹೊರಬಂದದ್ದು ಪಶ್ಚಾತ್ತಾಪದಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದನ್ನು ಹೊರಗೆಳೆದದ್ದೂ ಆ ಹೊಟ್ಟೆಕಿಚ್ಚೇ.

"ನಂಗೆ ಬರುತ್ತೆ" ಎಂದಳು ಸಿಂಚನಾ. ಮೈಕು ಮುಂದೆಯೇ ಇತ್ತು, ಇಡೀ ಸಭಾಂಗಣಕ್ಕೆ ಕೇಳಿಸಿತು. "ಏಳೆಂಟ್ಲ ಐವತ್ತಾರು. ನಂಗೆ ಎಲ್ಲಾ ಬರುತ್ತೆ. ಬೇಕಂತಲೇ ತಪ್ಪು ಹೇಳಿಕೊಟ್ಟೆ. ಆ ನಿಮಿಷ ಇವಳಿಗೆ ಹೋಗಬಾರದು ಅಂತ."

ಕೈ ತಾನಾಗಿಯೇ ತಿಪ್ಪಕ್ಕನ ಕಡೆ ಚಾಚಿತ್ತು. ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು.

ಹಿಂದಿನ ಸಾಲಿನಲ್ಲಿ ಯಾರೋ ಎದ್ದರು, ಯಾರೋ ಕೂತರು. ಪಾಲಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಂಚರ ಅಳಲಿಲ್ಲ. ಮೂರು ತಿಂಗಳ ಸಂಜೆಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡುತ್ತಿದ್ದಾಳೋ ಎನ್ನುವ ಹಾಗೆ ನೆಲ ನೋಡುತ್ತ ನಿಂತಳು. ಆಮೇಲೆ ತನ್ನ ಶಾಲೆಯ ಬೆಂಚಿಗೆ ಹೋಗದೆ ತಿಪ್ಪಕ್ಕನ ಬೆಂಚಿಗೆ ಹೋಗಿ ಅವಳ ಪಕ್ಕದಲ್ಲಿ ಕೂತಳು. ತಿಪ್ಪಕ್ಕ ಸರಿದು ಜಾಗ ಮಾಡಿದಳು.

ಅಧ್ಯಕ್ಷೆ ಗಂಟೆ ಬಾರಿಸಿ ಸಭೆಯನ್ನು ಸುಮ್ಮನಾಗಿಸಿದಳು. ಸಂಜೆಯ ಪಾಠದ ವಿಚಾರವನ್ನು ಇದಾದ ಮೇಲೆ ಎತ್ತಿಕೊಳ್ಳೋಣ, ಎಲ್ಲ ಶಾಲೆಯವರೂ ಹೇಳಬೇಕಾಗುತ್ತದೆ ಎಂದಳು. ಅದಕ್ಕೆ ಮೊದಲು ಸಭೆಯ ಮುಂದೆ ಒಂದು ಸೂಚನೆ ಹಾಗೇ ಉಳಿದಿದೆ. ಮೇಡಂಗೆ ಎಲ್ಲ ಬರುತ್ತದೆ ಎಂದು ಅವರೇ ಹೇಳಿದ್ದಾರಾದ್ದರಿಂದ, ಅದನ್ನು ವಾಪಸ್ ತೆಗೆದುಕೊಳ್ಳುತ್ತೀಯಾ ಎಂದು ಇಂಚರಳನ್ನು ಕೇಳಿದಳು.

ಇಂಚರ ಎದ್ದು ನಿಂತಳು.

"ಇಲ್ಲ, ಇರಲಿ. ಅಮ್ಮಂಗೆ ಬೇಕು."

ಪರವಾಗಿರುವವರು ಕೈ ಎತ್ತಿ ಎಂದಳು ಅಧ್ಯಕ್ಷೆ. ಮೊದಲು ಎದ್ದದ್ದು ತಿಪ್ಪಕ್ಕನ ಕೈ. ಆಮೇಲೆ ಮುಂದಿನ ಸಾಲು, ಆಮೇಲೆ ಬಡಾವಣೆಯ ಮಕ್ಕಳು ಒಬ್ಬೊಬ್ಬರಾಗಿ, ಹಿಂದೆ ಕೂತ ತಮ್ಮ ತಾಯಂದಿರ ಕಡೆ ತಿರುಗಿ ನೋಡುತ್ತ. ಕೊನೆಯಲ್ಲಿ ಇಂಚರ ಕೈ ಎತ್ತಿದಳು, ಎತ್ತಿ ತಾಯಿಯ ಮುಖ ನೋಡಿದಳು.

ಅಧ್ಯಕ್ಷೆ ಬೆರಳು ಮಾಡಿ ಎಲ್ಲವನ್ನೂ ಎಣಿಸಿದಳು. ವಿರುದ್ಧವಾಗಿ ಯಾರಾದರೂ ಇದ್ದೀರಾ ಎಂದು ಕೇಳಿದಳು. ಯಾರೂ ಇರಲಿಲ್ಲ.